ಲ್ಯಾಟಿನ್ ಕ್ರಿಯಾಪದ ಕನ್ನಡಿಗರಿಗೆ ಕಬ್ಬಿಣದ ಕಡಲೆಯೆ?

ಪ್ರಶ್ನೆ: ನಿವೃತ್ತಿಯಾದ ಮೇಲೆ ಲ್ಯಾಟಿನ್ ಕಲಿಯುವ ಹುಚ್ಚು ಹತ್ತಿದೆ. ನಾಮಪದಗಳ ತನಕ ಹೇಗೋ ತಳ್ಳಿಕೊಂಡು ಬಂದೆ. ಕ್ರಿಯಾಪದಕ್ಕೆ ಬಂದದ್ದೇ ಗಾಡಿ ನಿಂತಿತು. ಒಂದೊಂದು ಧಾತುವಿಗೂ ಪುಟ ತುಂಬ ಕೋಷ್ಟಕ. ಬೆಳಿಗ್ಗೆ ಉರು ಹೊಡೆದದ್ದು ಸಂಜೆಗೆ ನೆನಪಿರುವುದಿಲ್ಲ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಸುಲಭದ ದಾರಿ ಏನಾದರೂ ಉಂಟೆ? ಇನ್ನೊಂದು ಮಾತು: ನಮ್ಮ ಈ ಠಾಣೆ–ಕಲ್ಯಾಣದ ಕಡೆಗೂ ಲ್ಯಾಟಿನ್ನಿಗೂ ಏನಾದರೂ ನಂಟಿದೆಯೆ, ಇಲ್ಲಾ ಮನೆಯವರು ನಗುವುದೇ ಸರಿಯೆ?
– ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ನಂಟಿದೆ, ಅದೂ ಏಳುನೂರು ವರ್ಷಗಳದ್ದು. ಆ ಕಥೆ ಕೊನೆಗಿರಲಿ. ಮೊದಲು ನಿಂತ ಗಾಡಿ ಹೊರಡಲಿ.

ನಮ್ಮಲ್ಲಿ ಸಿಗುವ ಲ್ಯಾಟಿನ್ ಪುಸ್ತಕಗಳೆಲ್ಲ ಇಂಗ್ಲಿಷಿನವರನ್ನು ಎದುರಿಗೆ ಕೂರಿಸಿಕೊಂಡು ಬರೆದವು. ಇಂಗ್ಲಿಷಿನ ಕ್ರಿಯಾಪದ ಹೆಚ್ಚುಕಡಿಮೆ ಬೋಳು. ನಾನು, ನೀನು, ನಾವು, ಅವರು ಯಾರೇ ಆಗಲಿ 'ಲವ್' ಅಲ್ಲಾಡುವುದಿಲ್ಲ. ಯಾರು ಎಂಬುದನ್ನು ಮುಂದೆ ನಿಂತ ಸರ್ವನಾಮವೇ ಹೇಳಬೇಕು. ಅಂಥ ಭಾಷೆಯಿಂದ ಬಂದವನಿಗೆ 'ಅಮೋ' ಎಂಬ ಒಂದೇ ಪದದಲ್ಲಿ 'ನಾನು ಪ್ರೀತಿಸುತ್ತೇನೆ' ಅಡಗಿರುವುದು ಇಂದ್ರಜಾಲದಂತೆ ಕಾಣುತ್ತದೆ. ಪುಸ್ತಕ ಬರೆದವರು ಅವನಿಗೆ ಪುಟಗಟ್ಟಲೆ ಸಮಾಧಾನ ಹೇಳುತ್ತಾರೆ, ಸಮಾಧಾನ ಮುಗಿದ ಮೇಲೆ ಕೋಷ್ಟಕ ಕೈಗಿಟ್ಟು ಉರು ಹೊಡೆ ಅನ್ನುತ್ತಾರೆ. ನಮಗೆ ಆ ಸಮಾಧಾನ ಬೇಕಿಲ್ಲ. 'ಬರ್ತೀನಿ' ಅಂದರೆ ಬರುವವರು ಯಾರೆಂದು ಯಾವ ಕನ್ನಡಿಗನೂ ಕೇಳುವುದಿಲ್ಲ.

ಶಾಲೆಯಲ್ಲಿ ವ್ಯಾಕರಣದ ಮೇಷ್ಟ್ರು ಕ್ರಿಯಾಪದ ಬಿಡಿಸಿ ಬರೆಯಿರಿ ಅನ್ನುತ್ತಿದ್ದುದು ನೆನಪಿರಬೇಕು. 'ಓದುತ್ತಾನೆ' ಅಂದರೆ ಓದು + ಉತ್ತ + ಆನೆ. 'ಓದಿದನು' ಅಂದರೆ ಓದು + ದ + ಅನು. 'ಓದುವನು' ಅಂದರೆ ಓದು + ವ + ಅನು. ಮೊದಲು ಧಾತು, ನಡುವೆ ಕಾಲಸೂಚಕ, ಕೊನೆಗೆ ಯಾರು, ಎಷ್ಟು ಮಂದಿ ಎಂದು ಹೇಳುವ ಆಖ್ಯಾತ ಪ್ರತ್ಯಯ. ಈಗ 'ಅಮಾಬಾಮುಸ್' ತೆಗೆದುಕೊಳ್ಳಿ. 'ಪ್ರೀತಿಸುತ್ತಿದ್ದೆವು' ಎಂದು ಅರ್ಥ. ಅಮಾ + ಬಾ + ಮುಸ್. ಧಾತು, ಕಾಲ, ಪುರುಷ. ಅದೇ ಮೂರು, ಅದೇ ಸಾಲಿನಲ್ಲಿ. ಕೋಷ್ಟಕವನ್ನು ಅಡ್ಡಕ್ಕೂ ಉದ್ದಕ್ಕೂ ಬಾಯಿಪಾಠ ಮಾಡುವುದನ್ನು ಇವತ್ತೇ ನಿಲ್ಲಿಸಿ, ಸಿಕ್ಕ ರೂಪವನ್ನೆಲ್ಲ ಹೀಗೆ ಮೂರು ತುಂಡು ಮಾಡುವ ಅಭ್ಯಾಸ ಹಿಡಿಯಿರಿ. ನೂರರ ಮೇಲಿರುವ ರೂಪಗಳು ಕೈಬೆರಳೆಣಿಕೆಯ ತುಂಡುಗಳಿಂದ ಆದವು ಎಂದು ಆಗ ಕಾಣುತ್ತದೆ.

ಕೊನೆಯ ತುಂಡು ಬರೀ ಆರು. ಏಕವಚನಕ್ಕೆ ಓ (ಕೆಲವೆಡೆ ಮ್), ಸ್, ತ್. ಬಹುವಚನಕ್ಕೆ ಮುಸ್, ತಿಸ್, ನ್ತ್. ಅಮೋ, ಅಮಾಸ್, ಅಮತ್. ಅಮಾಮುಸ್, ಅಮಾತಿಸ್, ಅಮಂತ್. ಇಲ್ಲೊಂದು ಎಚ್ಚರಿಕೆ. ನಮ್ಮ ವ್ಯಾಕರಣದಲ್ಲಿ 'ನಾನು' ಉತ್ತಮ ಪುರುಷ, 'ಅವನು' ಪ್ರಥಮ ಪುರುಷ. ಲ್ಯಾಟಿನ್ ಪುಸ್ತಕದ ಎಣಿಕೆ ತಿರುಗಾಮುರುಗಾ: ಅವರ ಒಂದನೆಯ ಪುರುಷ ನಮ್ಮ ಉತ್ತಮ ಪುರುಷ, ನಮ್ಮ ಪ್ರಥಮ ಪುರುಷ ಅವರಿಗೆ ಮೂರನೆಯದು. ಸಂಸ್ಕೃತ ಕಲಿತವರು ಇಲ್ಲಿ ಸರಿಯಾಗಿಯೇ ಮುಗ್ಗರಿಸುತ್ತಾರೆ.

ಲಿಂಗದ ತಾಪತ್ರಯ ಇಲ್ಲಿಲ್ಲ. ಅವನು, ಅವಳು, ಅದು ಮೂರಕ್ಕೂ 'ಅಮತ್' ಒಂದೇ. ಗೌರವದ ಬಹುವಚನವೂ ಪ್ರಾಚೀನ ಲ್ಯಾಟಿನ್ನಿನಲ್ಲಿ ಇಲ್ಲ. ಎದುರಿಗೆ ನಿಂತವನು ಚಕ್ರವರ್ತಿಯಾದರೂ 'ನೀನು'. ಪೋಪರಿಗೂ ಬಿಷಪ್ಪರಿಗೂ 'ನೀವು' ಅನ್ನುವ ರೂಢಿ ಬಂದದ್ದು ಆಮೇಲೆ.

ಈ ಆರು ಪ್ರತ್ಯಯಗಳು ನಿಮ್ಮ ಕಿವಿಗೆ ಎಲ್ಲೋ ಕೇಳಿದಂತೆ ಅನ್ನಿಸಿದ್ದರೆ ಅದಕ್ಕೆ ಕಾರಣವಿದೆ. 'ಇರು' ಎಂಬ ಧಾತುವಿನ ವರ್ತಮಾನ ನೋಡಿ. ಲ್ಯಾಟಿನ್: ಸುಮ್, ಎಸ್, ಎಸ್ತ್, ಸುಮುಸ್, ಎಸ್ತಿಸ್, ಸುಂತ್. ಸಂಸ್ಕೃತ: ಅಸ್ಮಿ, ಅಸಿ, ಅಸ್ತಿ, ಸ್ಮಃ, ಸ್ಥ, ಸಂತಿ. 'ಹೊರು' ಎಂಬ ಅರ್ಥದ ಲ್ಯಾಟಿನ್ 'ಫೆರ್ತ್' ಸಂಸ್ಕೃತದ 'ಭರತಿ'ಗೆ ದಾಯಾದಿ. 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಭಾಷಣ ಮಾಡುತ್ತ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಅಂದಾಗ ಎತ್ತಿ ಹೇಳಿದ್ದು ಕ್ರಿಯಾಧಾತುಗಳ ಮತ್ತು ವ್ಯಾಕರಣರೂಪಗಳ ಹೋಲಿಕೆಯನ್ನು. 1816ರಲ್ಲಿ ಫ್ರಾಂಜ್ ಬಾಪ್ ಇಡೀ ಒಂದು ಪುಸ್ತಕವನ್ನೇ ಈ ಭಾಷೆಗಳ ಕ್ರಿಯಾಪದ ವ್ಯವಸ್ಥೆಯ ಹೋಲಿಕೆಗೆ ಮೀಸಲಿಟ್ಟರು. ತೌಲನಿಕ ಭಾಷಾವಿಜ್ಞಾನ ಹುಟ್ಟಿದ್ದು ನೀವು ಬೈಯುತ್ತಿರುವ ಕೋಷ್ಟಕಗಳ ಹೊಟ್ಟೆಯಲ್ಲೇ. ಅದೇ 1816ರಲ್ಲಿ ಮದರಾಸಿನ ಎಲಿಸ್, ತೆಲುಗು, ತಮಿಳು, ಕನ್ನಡಗಳ ಬೇರು ಸಂಸ್ಕೃತದ್ದಲ್ಲ ಎಂದು ತೋರಿಸಿದರು. ಹೀಗಾಗಿ ಲ್ಯಾಟಿನ್ ನಮ್ಮ ಕನ್ನಡಕ್ಕೆ ರಕ್ತಸಂಬಂಧಿಯಲ್ಲ, ಆದರೆ ಕ್ರಿಯಾಪದ ಕಟ್ಟುವ ಸ್ವಭಾವ ಒಂದೇ. ಕನ್ನಡ ಬಲ್ಲ, ಅಷ್ಟಿಷ್ಟು ಸಂಸ್ಕೃತವೂ ಕಿವಿಗೆ ಬಿದ್ದಿರುವವನಿಗೆ ಎರಡು ಕಡೆಯಿಂದಲೂ ಲಾಭ.

ಈಗ ನಿಮ್ಮ ಕೈಯಲ್ಲಿರುವ ದೊಡ್ಡ ಆಯುಧದ ಮಾತು. ಅದು ಕನ್ನಡ ಲಿಪಿ.

ಲ್ಯಾಟಿನ್ನಿನಲ್ಲಿ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಹ್ರಸ್ವ ದೀರ್ಘ ತಪ್ಪಿದರೆ ಕಾಲವೇ ತಪ್ಪುತ್ತದೆ. ರೋಮನ್ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಪಠ್ಯಪುಸ್ತಕಗಳು ದೀರ್ಘಸ್ವರದ ನೆತ್ತಿಯ ಮೇಲೆ ಅಡ್ಡಗೆರೆ ಎಳೆಯುತ್ತವೆ, ಕಲಿಯುವವರು ಅದನ್ನು ಗಮನಿಸದೆ ದಾಟುತ್ತಾರೆ. ನೀವು ಹೊರಗೆ ಬಳಸುವ ಮರಾಠಿಯ ದೇವನಾಗರಿಯಲ್ಲೂ ಹ್ರಸ್ವ ಎ, ಒ ಇಲ್ಲ. ಕನ್ನಡದಲ್ಲಿ ಇದೆ. ಆದ್ದರಿಂದ ಮೊದಲ ಕೆಲವು ತಿಂಗಳು ನೋಟುಪುಸ್ತಕದಲ್ಲಿ ಲ್ಯಾಟಿನ್ನನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ಯಾರಾದರೂ ನಕ್ಕರೆ ನಗಲಿ.

'ಓದು' ಎಂಬ ಅರ್ಥದ ಒಂದೇ ಧಾತು ಹಿಡಿದು ನೋಡೋಣ. ಲೆಗಿತ್: ಓದುತ್ತಾನೆ. ಲೆಗೆತ್: ಓದುವನು. ಲೆಗತ್: ಓದಲಿ. ಲೇಗಿತ್: ಓದಿದನು. ನಾಲ್ಕು ಅರ್ಥ, ವ್ಯತ್ಯಾಸ ಒಂದೊಂದೇ ಸ್ವರದ್ದು. ರೋಮನ್ ಲಿಪಿಯಲ್ಲಿ ಮೇಲಿನ ಗೆರೆ ಬಿಟ್ಟುಹೋದರೆ ಮೊದಲನೆಯದೂ ಕೊನೆಯದೂ ಒಂದೇ ಥರ ಕಾಣುತ್ತವೆ. ಕನ್ನಡದಲ್ಲಿ ಬರೆದಾಗ ಅವು ಕಣ್ಣಿಗೂ ನಾಲಿಗೆಗೂ ಬೇರೆಬೇರೆ. ವೆನಿತ್ ಅಂದರೆ ಬರುತ್ತಾನೆ, ವೇನಿತ್ ಅಂದರೆ ಬಂದನು. ಫುಗಿತ್ ಅಂದರೆ ಓಡಿಹೋಗುತ್ತಾನೆ, ಫೂಗಿತ್ ಅಂದರೆ ಓಡಿಹೋದನು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಿಮ್ಮ ಮೊಮ್ಮಕ್ಕಳಿಗೆ ಈ ಸೌಲಭ್ಯವಿಲ್ಲ.

ಧಾತುಗಳನ್ನು ನಾಲ್ಕು ಗಣಗಳಾಗಿ ಹಂಚುವುದೂ ಇದೇ ಸ್ವರದ ಮೇಲೆ. ಅಮಾರೆ, ಮೊನೇರೆ, ಲೆಗೆರೆ, ಔದೀರೆ. ಕೊನೆಯ 'ರೆ'ಯ ಹಿಂದೆ ಆ ಇದ್ದರೆ ಮೊದಲ ಗಣ, ಏ ಇದ್ದರೆ ಎರಡನೆಯದು, ಹ್ರಸ್ವ ಎ ಇದ್ದರೆ ಮೂರನೆಯದು, ಈ ಇದ್ದರೆ ನಾಲ್ಕನೆಯದು. ಎರಡಕ್ಕೂ ಮೂರಕ್ಕೂ ನಡುವಿನ ಗೊಂದಲದಲ್ಲಿ ವರ್ಷಗಟ್ಟಲೆ ಒದ್ದಾಡುವವರಿದ್ದಾರೆ. ನಮಗೆ ಅದು ಮೊನೇರೆಗೂ ಲೆಗೆರೆಗೂ ಇರುವ ಒಂದು ದೀರ್ಘದ ವ್ಯತ್ಯಾಸ, ಅಷ್ಟೆ. ಗಣ ತಿಳಿಯದೆ ಭವಿಷ್ಯತ್ಕಾಲಕ್ಕೆ ಮಾತ್ರ ಕೈಹಾಕಬೇಡಿ. ಮೊದಲೆರಡು ಗಣಗಳು ನಡುವೆ 'ಬಿ' ಸೇರಿಸಿಕೊಳ್ಳುತ್ತವೆ: ಅಮಾಬಿತ್, ಪ್ರೀತಿಸುವನು. ಕೊನೆಯೆರಡು 'ಎ'ಕಾರ ತರುತ್ತವೆ: ಲೆಗೆತ್. ಹೀಗಾಗಿ 'ಮೊನೆತ್' ವರ್ತಮಾನ, 'ಲೆಗೆತ್' ಭವಿಷ್ಯತ್ತು. ಲ್ಯಾಟಿನ್ ಕಲಿಯುವವರನ್ನು ಹೆಚ್ಚು ಅಳಿಸಿರುವ ಜಾಗ ಇದೇ ಇರಬೇಕು.

ನಿಮ್ಮ ನಿಜವಾದ ಕಷ್ಟ ಭೂತಕಾಲದ್ದು ಎಂದು ನನ್ನ ಊಹೆ. ನಿಘಂಟಿನಲ್ಲಿ ಒಂದು ಧಾತುವಿಗೆ ನಾಲ್ಕು ರೂಪ ಏಕೆ ಕೊಡುತ್ತಾರೆ? ಲೆಗೋ, ಲೆಗೆರೆ, ಲೇಗೀ, ಲೇಕ್ತುಮ್. ಮೂರನೆಯದು ಸುಮ್ಮನೆ ಊಹಿಸಿದರೆ ಬರುವಂಥದಲ್ಲ. ಧಾತುವಿನ ಜೊತೆಗೇ ಕಲಿಯಬೇಕು. ಅನ್ಯಾಯ ಅನ್ನಿಸುತ್ತದೆ. ಆದರೆ ಮನೆಯಲ್ಲಿ ಏನು ನಡೆಯುತ್ತದೆಂದು ಒಮ್ಮೆ ಕಿವಿಗೊಟ್ಟು ಕೇಳಿ. ಡೊಂಬಿವಲಿಯಲ್ಲಿ ಬೆಳೆಯುವ ಕನ್ನಡದ ಕೂಸು ಆಟಕ್ಕೆ ಓಡುವ ಅವಸರದಲ್ಲಿ 'ಅಜ್ಜಿ, ನಾನು ಚಪಾತಿ ತಿನ್ನಿದೆ' ಅನ್ನುತ್ತದೆ. 'ತಿನ್ನಿದೆ ಅಲ್ಲ ಮಗಾ, ತಿಂದೆ.' 'ಅಪ್ಪ ಬರಿದ್ರು.' 'ಬಂದ್ರು ಅನ್ನು.' ಮಗುವಿನ ತರ್ಕದಲ್ಲಿ ದೋಷವಿಲ್ಲ. ನೋಡು–ನೋಡಿದ, ಮಾಡು–ಮಾಡಿದ ಆದಮೇಲೆ ತಿನ್ನು–ತಿನ್ನಿದ ಯಾಕಾಗಬಾರದು? ಆದರೆ ಕನ್ನಡ ಒಪ್ಪುವುದಿಲ್ಲ. ಕೊಡು–ಕೊಟ್ಟ, ನಿಲ್ಲು–ನಿಂತ, ಬೀಳು–ಬಿದ್ದ, ಕೀಳು–ಕಿತ್ತ, ಹೋಗು–ಹೋದ. ಈ ಜೋಡಿಗಳನ್ನು ಅಜ್ಜಿಯ ಬಾಯಿಂದ ಒಂದೊಂದಾಗಿ ಪಡೆದವರು ನಾವು. ಗಮನಿಸಬೇಕಾದದ್ದು, ಜೋಡಿ ಎಷ್ಟೇ ವಿಚಿತ್ರವಾಗಿರಲಿ, ಮುಂದೆ ಹತ್ತುವ ಪ್ರತ್ಯಯ ಬದಲಾಗುವುದಿಲ್ಲ: ಬಿದ್ದೆನು, ಬಿದ್ದೆ, ಬಿದ್ದನು; ಕಿತ್ತೆನು, ಕಿತ್ತೆ, ಕಿತ್ತನು. ಲ್ಯಾಟಿನ್ನೂ ಹಾಗೆಯೇ. ಅಂಗ ಲೇಗ್ ಇರಲಿ, ಅಮಾವ್ ಇರಲಿ, ದೆದ್ ಇರಲಿ, ಹಿಂದೆ ಬರುವುದು ಈ, ಇಸ್ತೀ, ಇತ್, ಇಮುಸ್, ಇಸ್ತಿಸ್, ಏರುಂತ್. ನಾಲ್ಕು ಗಣಕ್ಕೂ ಇವೇ ಆರು. ಆದ್ದರಿಂದ ಚೀಟಿಯ ಮೇಲೆ ಕೋಷ್ಟಕ ಬರೆಯಬೇಡಿ. 'ತಿನ್ನು–ತಿಂದ' ಎಂಬಂತೆ ಧಾತುವನ್ನೂ ಅದರ ಭೂತವನ್ನೂ ಜೋಡಿಯಾಗಿ ಬರೆಯಿರಿ. ಕೆಲವು ಜೋಡಿಗಳು ಸಂಸ್ಕೃತ ಬಲ್ಲವರಿಗೆ ಉಚಿತವಾಗಿ ಸಿಗುತ್ತವೆ: 'ಕೊಟ್ಟನು' ಎಂಬುದಕ್ಕೆ ಲ್ಯಾಟಿನ್ 'ದೆದಿತ್', ಸಂಸ್ಕೃತ 'ದದೌ', ಎರಡರಲ್ಲೂ ಮೊದಲ ವ್ಯಂಜನ ದ್ವಿತ್ವ.

ನಿಮ್ಮ ಉಲ್ಟಾ ದಾರಿಯಲ್ಲಿ ನಡೆದವರೂ ಇದ್ದಾರೆ. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ 1853ರಲ್ಲೇ ಫರ್ಡಿನೆಂಡ್ ಕಿಟ್ಟೆಲ್ ಬಾಸೆಲ್ ಮಿಷನ್ನಿನಿಂದ ಈ ದೇಶಕ್ಕೆ ಬಂದರು. ಯುರೋಪಿನ ವ್ಯಾಕರಣ ತಲೆಯಲ್ಲಿ ತುಂಬಿಕೊಂಡು ಬಂದವರು ಕನ್ನಡದ ಕ್ರಿಯಾಪದಕ್ಕೆ ಅದನ್ನು ಹೊದಿಸಿ ಕೈತೊಳೆದುಕೊಳ್ಳಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ಬಳಿಗೆ ಹೋದರು, ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿದರು, 1903ರ ತಮ್ಮ ವ್ಯಾಕರಣವನ್ನು ಅದರ ಮೇಲೆ ನಿಲ್ಲಿಸಿದರು. ಅವರಿಗಿಂತ ಬಹಳ ಹಿಂದೆ ಗೋವೆಯಲ್ಲಿದ್ದ ಇಂಗ್ಲಿಷ್ ಜೆಸುವಿಟ್ ಥಾಮಸ್ ಸ್ಟೀಫನ್ಸ್, ಇಲ್ಲಿಯ ಭಾಷೆಗಳ ಕಟ್ಟು ಗ್ರೀಕ್, ಲ್ಯಾಟಿನ್ನುಗಳನ್ನು ಹೋಲುತ್ತದೆಂದು 1583ರಲ್ಲೇ ತಮ್ಮನಿಗೋ ಅಣ್ಣನಿಗೋ, ಅಂತೂ ಸೋದರನಿಗೆ ಕಾಗದ ಬರೆದಿದ್ದ. ಅವನ 'ಆರ್ತೆ ದ ಲಿಂಗೊವಾ ಕನಾರಿಂ' ಅವನು ತೀರಿಕೊಂಡ ಮೇಲೆ, 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಹೆಸರು ನೋಡಿ ಹಿಗ್ಗಬೇಡಿ, ಅದು ಕೊಂಕಣಿಯ ವ್ಯಾಕರಣ.

ನಾಲ್ಕನೆಯ ರೂಪ 'ಲೇಕ್ತುಮ್' ಯಾತಕ್ಕೆ? ಇಲ್ಲಿ ನಿಮ್ಮ ಮರಾಠಿ ಕೈಹಿಡಿಯುತ್ತದೆ. ಕರ್ನಾಟಕದಿಂದ ಹೊಸದಾಗಿ ಬಂದವರು ಮರಾಠಿ ಮಾತಾಡುವಾಗ ಎಲ್ಲಿ ಸಿಕ್ಕಿಬೀಳುತ್ತಾರೆಂದು ನಿಮಗೆ ಗೊತ್ತು. 'ಮೀ ಗ್ರಂಥ ವಾಚಲಾ', ಆದರೆ 'ಮೀ ಚಿಠ್ಠೀ ವಾಚಲೀ'. ಓದಿದವನು ಗಂಡಸೋ ಹೆಂಗಸೋ ಮುಖ್ಯವಲ್ಲ. ಗ್ರಂಥ ಪುಲ್ಲಿಂಗ, ಚಿಠ್ಠಿ ಸ್ತ್ರೀಲಿಂಗ, ಕ್ರಿಯಾಪದ ಅವುಗಳ ಹಿಂದೆ ಹೋಗುತ್ತದೆ. ಕನ್ನಡದ ಕಿವಿಗೆ ಇದು ಒಗ್ಗಲು ಕಾಲ ಬೇಕು. ಲ್ಯಾಟಿನ್ನಿನ ಕರ್ಮಣಿ ಭೂತಕಾಲವೂ ಇದೇ ಜಾಡಿನದು. 'ಲಿಬೆರ್ ಆ ಮೇ ಲೇಕ್ತುಸ್ ಎಸ್ತ್': ಪುಸ್ತಕ ನನ್ನಿಂದ ಓದಲ್ಪಟ್ಟಿತು. 'ಎಪಿಸ್ತುಲ ಆ ಮೇ ಲೇಕ್ತ ಎಸ್ತ್': ಕಾಗದ ನನ್ನಿಂದ ಓದಲ್ಪಟ್ಟಿತು. ಪುಸ್ತಕಕ್ಕೆ ಲೇಕ್ತುಸ್, ಕಾಗದಕ್ಕೆ ಲೇಕ್ತ, ವಾಚಲಾ, ವಾಚಲೀ. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಕೂತು ಲ್ಯಾಟಿನ್ ಕಲಿಯುವ ಕನ್ನಡಿಗನಿಗಿಂತ ಡೊಂಬಿವಲಿಯವರು ಈ ಒಂದು ಪಾಠದಲ್ಲಿ ಮುಂದೆ. ಉಳಿದ ಕರ್ಮಣಿ ರೂಪಗಳು ಸಲೀಸು: ಅಮತ್ ಇದ್ದದ್ದು ಅಮಾತುರ್, ಅಮಂತ್ ಇದ್ದದ್ದು ಅಮಂತುರ್.

'ಲೆಗತ್' ಬಗೆಯ ರೂಪಗಳಿಗೆ ಇಂಗ್ಲಿಷ್ ಪುಸ್ತಕಗಳು ಕೊಡುವ ವಿವರಣೆ ಓದಿದರೆ ತಲೆ ಕೆಡುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ಅದು ಬಹುಪಾಲು ಸತ್ತುಹೋಗಿದೆ. ನಮ್ಮ ವಿಧ್ಯರ್ಥ (ಬರಲಿ), ಸಂಭಾವನಾರ್ಥ (ಬಂದಾನು) ಎರಡನ್ನೂ ಜೋಡಿಸಿಕೊಂಡರೆ ಅದರ ಹೆಚ್ಚಿನ ಭಾಗ ತಿಳಿದಂತೆ.

ಅಭ್ಯಾಸಕ್ಕೆ ವಾಕ್ಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಠಾಣೆಯ ಕೋರ್ಟ್ ನಾಕಾದಲ್ಲಿ ಮಾಡಿಸುವ ಅಫಿಡವಿಟ್ಟು ಮಧ್ಯಯುಗದ ಲ್ಯಾಟಿನ್ನಿನ ಮೊದಲ ಗಣದ ಭೂತಕಾಲ, ಏಕವಚನ: ಪ್ರಮಾಣ ಮಾಡಿದನು. ಸಂವಿಧಾನದ 226ನೆಯ ವಿಧಿಯಲ್ಲಿ ಬರುವ ಮ್ಯಾಂಡಮಸ್ ಮೊದಲ ಗಣದ ವರ್ತಮಾನ: ಆಜ್ಞಾಪಿಸುತ್ತೇವೆ, ಕೊನೆಯ 'ಮುಸ್' ಗುರುತಿಸಿದಿರಷ್ಟೆ? ಹೇಬಿಯಸ್ ಕಾರ್ಪಸ್‌ನ ಹೇಬಿಯಸ್, ಕೇವಿಯಟ್ ಎರಡೂ ಎರಡನೆಯ ಗಣದವು, ನಮ್ಮ ವಿಧ್ಯರ್ಥದ ಅರ್ಥದವು. ಟೀವಿಯವರ ವಿಡಿಯೊ 'ನೋಡುತ್ತೇನೆ', ಎರಡನೆಯ ಗಣ. ಆಡಿಯೊ 'ಕೇಳುತ್ತೇನೆ', ನಾಲ್ಕನೆಯದು. ವೀಟೊ ಮೊದಲನೆಯದು. ಡಾಕ್ಟರ ಚೀಟಿಯ ತುದಿಯಲ್ಲಿರುವ ಆ ವಿಚಿತ್ರ ಗುರುತು ಮೂರನೆಯ ಗಣದ ಆಜ್ಞೆ: ತೆಗೆದುಕೋ.

ಉಚ್ಚಾರ ಕೇಳಿಸಿಕೊಳ್ಳಲು ನಿಮ್ಮ ಸೊಸೈಟಿಯಲ್ಲೇ ಜನ ಸಿಕ್ಕಾರು. ಮಂಗಳೂರಿನಿಂದ ಬಂದು ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕ್ಯಾಥೊಲಿಕ್ ಹಿರಿಯರಿಗೆ, ಅದರಲ್ಲೂ ಎಳವೆಯಲ್ಲಿ ಪೂಜೆಗೆ ಸಹಾಯಕ್ಕೆ ನಿಂತವರಿಗೆ, ಲ್ಯಾಟಿನ್ ಪ್ರತ್ಯುತ್ತರಗಳು ಇನ್ನೂ ಬಾಯಲ್ಲಿವೆ. 1962–65ರ ಎರಡನೆಯ ವ್ಯಾಟಿಕನ್ ಪರಿಷತ್ತಿನ ತನಕ ಅಲ್ಲಿ ಪೂಜೆ ನಡೆಯುತ್ತಿದ್ದುದು ಆ ಭಾಷೆಯಲ್ಲೇ; 1879ರಲ್ಲಿ ಶುರುವಾದ ಜೆಪ್ಪುವಿನ ಸೆಮಿನರಿಯಲ್ಲಿ ಪಾದ್ರಿಯಾಗುವವರು ಅದನ್ನು ಕಲಿಯದೆ ಗತಿಯಿರಲಿಲ್ಲ. 'ಓರೇಮುಸ್' ಅಂದರೆ ಏನು ಬಾಬ್ ಎಂದು ಕೇಳಿ ನೋಡಿ. 'ಪ್ರಾರ್ಥಿಸೋಣ' ಎಂದು ತಟ್ಟನೆ ಹೇಳುತ್ತಾರೆ. 'ಓರಾಮುಸ್' ಇದ್ದರೆ 'ಪ್ರಾರ್ಥಿಸುತ್ತೇವೆ' ಎಂಬುದನ್ನು ನೀವು ಅವರಿಗೆ ಹೇಳಬಹುದು. ಚರ್ಚಿನ ಉಚ್ಚಾರ ಇಟಲಿಯ ಧಾಟಿಯದು, ಪ್ರಾಚೀನ ರೋಮಿನವರು 'ಕಿಕೆರೋ' ಅನ್ನುತ್ತಿದ್ದ ಕಡೆ ಅವರು 'ಚಿಚೆರೊ' ಅನ್ನುತ್ತಾರೆ. ಕ್ರಿಯಾಪದಕ್ಕೆ ಅದರಿಂದ ಅಂಥ ಬಾಧಕವಿಲ್ಲ.

ಇನ್ನು ಠಾಣೆಯ ಕಥೆ. 1321ರಲ್ಲಿ, ಕೊಲ್ಲಂಗೆಂದು ಹೊರಟಿದ್ದ ಕ್ರೈಸ್ತ ಸನ್ಯಾಸಿಗಳ ಸಣ್ಣ ಗುಂಪೊಂದು ಹಡಗಿನಿಂದ ಠಾಣೆಯಲ್ಲಿ ಇಳಿಯಿತು. ನಾಲ್ವರು ಫ್ರಾನ್ಸಿಸ್ಕನ್ನರು, ಅವರ ಜೊತೆ ಜೋರ್ದಾನುಸ್ ಎಂಬ ಡೊಮಿನಿಕನ್. ಜೋರ್ದಾನುಸ್ ಗುಜರಾತಿನ ಕಡೆ ಹೋಗಿದ್ದಾಗ, ಆ ಏಪ್ರಿಲ್ಲಿನಲ್ಲಿ, ನಾಲ್ವರೂ ಠಾಣೆಯಲ್ಲಿ ಕೊಲೆಯಾದರು. ಅವನು ಹಿಂದಿರುಗಿ ದೇಹಗಳನ್ನು ಸೋಪಾರಕ್ಕೆ ಒಯ್ದು ಮಣ್ಣು ಮಾಡಿದ. ಒಬ್ಬಂಟಿಯಾಗಿ ಈ ಕರಾವಳಿಯಲ್ಲಿ ಉಳಿದ ಅವನು ತನ್ನ ಪಂಥದವರಿಗೆ ಬರೆದ ಲ್ಯಾಟಿನ್ ಕಾಗದಗಳು ಉಳಿದಿವೆ. ಒಂದು ಠಾಣೆಯಿಂದಲೇ ಬರೆದದ್ದು. 1329ರಲ್ಲಿ ಪೋಪ್ ಅವನನ್ನು ಕೊಲ್ಲಂನ ಬಿಷಪ್ ಮಾಡಿದ. ಅವನ 'ಮಿರಾಬಿಲಿಯ ದೆಸ್ಕ್ರಿಪ್ತ' ಎಂಬ ಕಿರುಪುಸ್ತಕದಲ್ಲಿ ಹಲಸು, ಮಾವು, ತೆಂಗು, ಶೇಂದಿ ಎಲ್ಲ ಬರುತ್ತವೆ. ಒಂದು ಹಲಸಿನಹಣ್ಣು ಐದು ಜನಕ್ಕೆ ಸಾಕು ಎಂದು ಲೆಕ್ಕ ಹಾಕಿದ್ದಾನೆ. ನಮ್ಮಲ್ಲಿ ಐದು ಜನಕ್ಕೆ ಸಾಕಾಗುತ್ತಿತ್ತೋ ಇಲ್ಲವೋ.

ಕಲಿಯುವವರಿಗೆ ಅವನ ಲ್ಯಾಟಿನ್ ವರದಾನ. ಇದೆ, ಇವೆ, ಎನ್ನುತ್ತಾರೆ, ಕರೆಯುತ್ತಾರೆ: ಎಸ್ತ್, ಸುಂತ್, ದೀಕಿತುರ್, ವೊಕಾತುರ್. ಇಂಥ ಸರಳ ಕ್ರಿಯಾಪದಗಳಲ್ಲೇ ಊರು ತೋರಿಸಿಕೊಂಡು ಹೋಗುತ್ತಾನೆ. ಕಣ್ಣಾರೆ ಕಂಡದ್ದಕ್ಕೂ ಕಿವಿಯಾರೆ ಕೇಳಿದ್ದಕ್ಕೂ ಭೇದ ಇಟ್ಟುಕೊಂಡವನು, ತಾನು ಕಾಲಿಡದ ದೇಶದ ಮಾತು ಬಂದಾಗ ಹಾಗೆಂದು ಹೇಳಿಬಿಡುತ್ತಾನೆ. ವೀದೀ, ನೋಡಿದೆ; ಔದೀವೀ, ಕೇಳಿದೆ. ಒಂದು ಎರಡನೆಯ ಗಣದ ಭೂತ, ಇನ್ನೊಂದು ನಾಲ್ಕನೆಯದರ ಭೂತ.

ಅವನ ಬೆನ್ನಿಗೇ ಠಾಣೆಗೆ ಬಂದ ಓದೋರಿಕ್ ಎಂಬ ಇನ್ನೊಬ್ಬ ಸನ್ಯಾಸಿ ಆ ನಾಲ್ವರ ಎಲುಬುಗಳನ್ನು ಚೀನಾದ ತನಕ ಹೊತ್ತುಕೊಂಡು ಹೋದ. 1330ರಲ್ಲಿ ಪಾದುವಾದಲ್ಲಿ ತನ್ನ ಪ್ರವಾಸವನ್ನು ಲ್ಯಾಟಿನ್ನಿನಲ್ಲಿ ಬರೆಸಿದ. ಠಾಣೆಯ ಇಲಿಗಳು ನಾಯಿಯಷ್ಟು ದೊಡ್ಡವು, ಬೆಕ್ಕು ಅವುಗಳ ತಂಟೆಗೆ ಹೋಗುವುದಿಲ್ಲ, ನಾಯಿಗಳೇ ಹಿಡಿಯಬೇಕು ಎಂದು ಅವನು ಹೇಳಿದ್ದು ನಮ್ಮ ಹೆಗ್ಗಣದ ಬಗ್ಗೆಯೇ ಇರಬೇಕು. ಠಾಣೆ ಮುನಿಸಿಪಾಲಿಟಿಯವರು ಓದಬೇಕಾದ ಪುಟ.

ಹೆನ್ರಿ ಯೂಲ್ ಜೋರ್ದಾನುಸನ ಪುಸ್ತಕವನ್ನು 1863ರಲ್ಲಿ ಇಂಗ್ಲಿಷಿಗೆ ತಂದರು. 1866ರ ಅವರ ಇನ್ನೊಂದು ಗ್ರಂಥದ ಕೊನೆಯಲ್ಲಿ ಓದೋರಿಕನ ಲ್ಯಾಟಿನ್ ಮೂಲವನ್ನೂ ಅಚ್ಚು ಹಾಕಿದ್ದಾರೆ. ಜೋರ್ದಾನುಸನ ಮೂಲ 1839ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಕೃತಿಸ್ವಾಮ್ಯ ಯಾವತ್ತೋ ಮುಗಿದಿದೆ. ಕೋಷ್ಟಕ ನೋಡಿಕೊಳ್ಳಲು 1956ರಿಂದ ಅಚ್ಚಾಗುತ್ತಿರುವ ವೀಲಕ್ ಅವರ ಪಠ್ಯ ಸಾಕು. ಓದಿ ಓದಿಯೇ ಕಲಿಯುತ್ತೇನೆ ಅನ್ನುವ ಹಟವಿದ್ದರೆ ಓರ್ಬರ್ಗ್ ಅವರ, ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಲ್ಯಾಟಿನ್ನಿನಲ್ಲೇ ಇರುವ ಪುಸ್ತಕ ಹಿಡಿಯಿರಿ. ಆರು ಪ್ರತ್ಯಯ, 'ಬಾ' ಕಾರದ ಭೂತ, ಒಂದೈವತ್ತು ಜೋಡಿಗಳು ಕೈಗೆ ಬಂದ ಮೇಲೆ ಹಲಸಿನಹಣ್ಣಿನ ಪುಟದಿಂದ ಶುರು ಮಾಡಿ. ಎಲ್ಲರೂ ಮೊದಲು ಸೀಸರನ ಯುದ್ಧಕಥೆ ಓದಿಸುತ್ತಾರೆ. ಅದು ಆಮೇಲಾದರೂ ಆದೀತು.